ಷಡ್ಡಕನ ಫೋನಿನೊಳಗಿನ ಕಾವಲು

ಬೈಂದೂರಿನ ಮಾವನಿಗೆ ಒಂದು ನೀರಿನ ಪಂಪು ಕೊಳ್ಳಬೇಕಿದ್ದರೂ ಮೊದಲ ಫೋನ್ ನನಗೇ ಬರುತ್ತಿತ್ತು. ಕುಂದಾಪುರದಲ್ಲಿ ನನ್ನದು ಹಳೇ ಮನೆ ಬಿಚ್ಚಿದ ಮರ, ಹಂಚು, ಬಾಗಿಲುಗಳ ವ್ಯಾಪಾರ. ಯಾರೂ ಕಲಿಸಿದ್ದಲ್ಲ; ಬಸ್ರೂರಿನಲ್ಲಿ ಮೊದಲ ಬಾಗಿಲು ಕೊಂಡು, ಗೆದ್ದಲು ಕಂಡು ಕಲಿತದ್ದು. ಅಂದಿನಿಂದ ಯಾರು ಕೇಳಿದರೂ, ಕೇಳದಿದ್ದರೂ, ನಾನು ಹೇಳುವುದು ಒಂದೇ: ವಸ್ತುವನ್ನು ಆಮೇಲೆ ನೋಡಿ, ಮೊದಲು ಮಾರುವವನ ಅವಸರ ನೋಡಿ. ಮಾವ ಈ ಮಾತನ್ನು ಹೋದಲ್ಲೆಲ್ಲ ಹೇಳುತ್ತಿದ್ದರು. "ನಮ್ಮ ದೊಡ್ಡ ಅಳಿಯ ಹೇಳುದ್" ಎಂದು ಸೇರಿಸುತ್ತಿದ್ದರು. ಆ ನಾಲ್ಕು ಪದಕ್ಕಾಗಿ ನಾನು ಎಷ್ಟು ಸಲ ಕೆಲಸ ಬಿಟ್ಟು ಬೈಂದೂರಿಗೆ ಓಡಿದ್ದೇನೋ.

ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಬ್ರಹ್ಮಾವರದಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ಮಾತಿನವನು, ನಗುಮುಖದವನು. ಚೌಕಾಸಿ ಮಾಡಲು ಬಾರದು. ಗಿರಾಕಿ ಕೇಳುವ ಮೊದಲೇ ಬೆಲೆ ಇಳಿಸುತ್ತಾನೆ. ಆದರೂ ಅಂಗಡಿ ನಡೆಯುತ್ತದೆ. ಇದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಮುಂಬೈಯ ಹೋಟೆಲಿನಲ್ಲಿದ್ದ ತಮ್ಮ ಪಾಲನ್ನು ಬಿಟ್ಟುಕೊಟ್ಟಾಗ ಬಂದ ಹಣವನ್ನು ಮಾವ ಅತ್ತೆಯ ಎರಡೂ ಮಂಡಿಗಳ ಆಪರೇಷನ್ನಿಗೆಂದು ತೆಗೆದಿಟ್ಟಿದ್ದರು. ಅತ್ತೆ ಹೆದರಿ ಆಪರೇಷನ್ ಮುಂದೆ ಹಾಕುತ್ತ ಬಂದರು. ಅಷ್ಟರೊಳಗೆ ಯಾವುದೋ ಕ್ರಿಪ್ಟೊ ಟೋಕನ್ನಿನ ಬೆಲೆ ಏರುತ್ತಿದೆಯೆಂದು ಷಡ್ಡಕ ಆ ಹಣವನ್ನು ಅದಕ್ಕೆ ಹಾಕಿಸಿದ. ನನ್ನನ್ನು ಕೇಳಲೇ ಇಲ್ಲ.

"ಭಾವಯ್ಯಂಗೆ ಮರದ್ ವಿಷ್ಯ ಗೊತ್ತಿತ್ತ್. ಇದ್ ಬೇರೆ ಅಲ್ದಾ?" ಎಂದನಂತೆ. ಮಾವ ಹೌದೆಂದರಂತೆ.

ನಾನು ತಕರಾರು ತೆಗೆದಾಗ ಷಡ್ಡಕ ಫೋನ್ ತೋರಿಸಿದ. ಅದರಲ್ಲಿ ಅವನೊಂದು ಎಐ ಏಜೆಂಟ್ ಕೂರಿಸಿದ್ದ. ಟೋಕನ್ ಯಾವ ಖಾತೆಯಿಂದ ಯಾವ ಖಾತೆಗೆ ಹೋದರೂ ಯಾರು ಬೇಕಾದರೂ ನೋಡಬಹುದು, ಖಾತೆದಾರನ ಹೆಸರೊಂದು ಇರುವುದಿಲ್ಲ. ಏಜೆಂಟ್ ಆ ಓಡಾಟವನ್ನೆಲ್ಲ ಕಾಯುತ್ತದೆ. ದಿನದ ರೂಢಿಗಿಂತ ಬೇರೆಯಾದದ್ದು ಕಂಡರೆ ಕೂಗಿ ಹೇಳುತ್ತದೆ, ಅದೂ ಕನ್ನಡದಲ್ಲಿ. ನಿದ್ರೆಯಿಲ್ಲ, ಕಮಿಷನ್ನಿಲ್ಲ. ಆಮೇಲೆ ನಾನು ಬೈಂದೂರಿಗೆ ಹೋದಾಗಲೆಲ್ಲ ಮಾವನ ಬಾಯಲ್ಲಿ ಅದರದ್ದೇ ಸುದ್ದಿ. ಜಗಲಿಯಲ್ಲಿ ಅವರ ಪಕ್ಕದ ಕುರ್ಚಿ ಷಡ್ಡಕನಿಗಾಯಿತು. ನಾನು ಮೆಟ್ಟಿಲ ಹತ್ತಿರದ ಸ್ಟೂಲಿನಲ್ಲಿ ಕೂತು ಆ ಫೋನನ್ನೇ ನೋಡುತ್ತಿದ್ದೆ. ಅದು ಒಮ್ಮೆ ತಪ್ಪು ಹೇಳಲಿ ಎಂದು ಎಷ್ಟು ಕಾದೆ!

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದೆವು. ಷಡ್ಡಕನ ಫೋನ್ ವಾರ್ತೆ ಓದುವ ದನಿಯಲ್ಲಿ ಶುರುಮಾಡಿತು: ಅಸಾಮಾನ್ಯ ವರ್ಗಾವಣೆ. ಬಹುಕಾಲ ಸುಮ್ಮನಿದ್ದ ಒಂದು ದೊಡ್ಡ ಖಾತೆ ಇಂದು ತನ್ನ ಟೋಕನ್‌ಗಳನ್ನು ಹಲವು ಹೊಸ ಖಾತೆಗಳಿಗೆ ಹಂಚಿದೆ. ಅಲ್ಲಿಂದ ಎಲ್ಲವೂ ಟೋಕನ್ ಕೊಂಡು ಮಾರುವ ಒಂದೇ ಎಕ್ಸ್‌ಚೇಂಜಿಗೆ ಹೋಗುತ್ತಿವೆ. ಮಾರಾಟದ ತಯಾರಿ ಇರಬಹುದು, ಖಚಿತವಿಲ್ಲ.

ಮಾವನ ಕೈ ಬಂಗಡೆ ಮೀನಿನ ಮೇಲೆಯೇ ನಿಂತಿತು.

"ಹೆದ್ರುದ್ ಬ್ಯಾಡ ಮಾವ. ಅದ್ ಒಂದೊಂದ್ ಸಲ ಹೀಂಗೇ ಬೊಬ್ಬೆ ಹಾಕತ್ತ್. ಕಾಣಿ, ರೇಟ್ ಇನ್ನೂ ಏರ್ತಾ ಇತ್ತ್," ಎಂದ ಷಡ್ಡಕ. ಅವನ ಸ್ವಂತ ದುಡ್ಡೂ ಅದರಲ್ಲೇ ಇತ್ತು.

ನಾನು ಸುಮ್ಮನೆ ಸಾರು ಕಲಸಬಹುದಿತ್ತು. ಬೆಲೆ ಬಿದ್ದರೆ ಬೀಳುವುದು ಅವನ ಮರ್ಯಾದೆ. ಕುರ್ಚಿ ನನಗೆ ವಾಪಸು. ಆದರೆ ನನ್ನ ಅಂಗಡಿಗೆ ಹಿಂದೊಮ್ಮೆ ಒಂದೇ ಬೆಳಿಗ್ಗೆ ಮೂವರು ಬೇರೆ ಬೇರೆ ರಿಕ್ಷಾದಲ್ಲಿ ಕಂಬ ತಂದಿದ್ದರು. ಒಬ್ಬರಿಗೊಬ್ಬರು ಪರಿಚಯವಿಲ್ಲದ ಹಾಗೆ ನಿಂತಿದ್ದರು. ಮೂರರ ಮೇಲೂ ಅದೇ ಹಸಿರು ಪೇಂಟು. ಒಂದೇ ಮನೆಯ ಟೊಳ್ಳು ಮರವನ್ನು, ರೇಟು ಬೀಳದ ಹಾಗೆ, ಚೂರು ಚೂರಾಗಿ ದಾಟಿಸುವ ಉಪಾಯ. ಫೋನ್ ಹೇಳಿದ್ದೂ ಅದನ್ನೇ. ನನಗೆ ಆಗದ ಆ ದನಿ, ನಾನಾಗಿದ್ದರೆ ಹೇಳುತ್ತಿದ್ದ ಮಾತನ್ನೇ ಹೇಳುತ್ತಿತ್ತು.

"ಮಾವ, ಇವತ್ತೇ ಮಾರಿಬಿಡಿ," ಎಂದೆ.

"ಎಂತ? ಇಷ್ಟ್ ದಿನ ನೀವೇ ಆ ಏಜೆಂಟಿಗೆ ಬೈತಿದ್ರಿ. ಈಗ ಅದ್ರ್ ಪರವಾ?" ಎಂದರು ಮಾವ.

"ಬೈದದ್ದ್ ಹೌದ್. ಅದ್ ಹೇಳುದೂ ಹೌದ್."

"ಭಾವಯ್ಯ, ಸುಮ್ನೆ ಹೆದ್ರಿಸ್ಬೇಡಿ ಮಾರಾಯ್ರೆ," ಎಂದ ಷಡ್ಡಕ. ತನ್ನ ಏಜೆಂಟಿನ ಮಾತಿಗೆ ಅವನೇ ಅಡ್ಡ, ನಾನು ಅದರ ವಕೀಲ!

ಆಗ ಅತ್ತೆ ಅನ್ನದ ಪಾತ್ರೆ ಹಿಡಿದು ಒಳಗಿನಿಂದ ಬಂದರು. ಇನ್ನೊಂದು ಕೈ ಬಾಗಿಲ ದಾರಂದದ ಮೇಲಿತ್ತು. ಅದಿಲ್ಲದೆ ಅವರು ಹೊಸ್ತಿಲು ದಾಟುವಂತಿರಲಿಲ್ಲ.

"ಮಂಡಿ ನಂದ್. ಮಾರಿ," ಎಂದರು.

ಕೈ ತೊಳೆದವರೇ ಮಾವನ ಪಾಲನ್ನು ಮಾರಿಸಿದೆವು. ಷಡ್ಡಕ ತನ್ನದನ್ನು ಇಟ್ಟುಕೊಂಡ. ಆ ವಾರವೇ ಬೆಲೆ ಕುಸಿಯಿತು. ಅವನಿಗೆ ಎಷ್ಟು ಹೋಯಿತೆಂದು ಅವನು ಹೆಂಡತಿಗೆ ಹೇಳಿದ, ಅವಳು ಅಕ್ಕನಿಗೆ ಹೇಳಿದಳು, ಮಾವನಿಗೆ ಮಾತ್ರ ಯಾರೂ ಹೇಳಲಿಲ್ಲ.

ಆಪರೇಷನ್ ಆಗಿ ಗುಣವಾದ ಮೇಲೆ ಅತ್ತೆ ಕುಂಭಾಶಿಯ ದೇವಸ್ಥಾನಕ್ಕೆ ಹೋಗಿ, ಯಾರ ಕೈಯನ್ನೂ ಹಿಡಿಯದೆ ಪ್ರದಕ್ಷಿಣೆ ಹಾಕಿದರು. ಹೊರಗೆ ಸಿಕ್ಕ ಪರಿಚಯದವರಿಗೆ ಮಾವ ಹೇಳುತ್ತಿದ್ದರು: "ಎಲ್ಲ ನಮ್ಮ ಸಣ್ಣ ಅಳಿಯನ ಏಜೆಂಟಿಂದ ಆದ್ದ್." ಕಳೆದುಕೊಂಡವನು ಪಕ್ಕದಲ್ಲಿ ನಗುತ್ತ ನಿಂತಿದ್ದ. ನಾನು ಎಲ್ಲರ ಹಣ್ಣುಕಾಯಿ ಚೀಲ ಹಿಡಿದು ಹಿಂದೆ ಇದ್ದೆ.

ಮೊನ್ನೆ ಮಾವನ ಫೋನ್ ಬಂತು. ಹಳೇ ಕಾರೊಂದು ನೋಡಿದ್ದಾರಂತೆ. ನನ್ನ ಎದೆ ಉಬ್ಬಿತು.

"ಹ್ವಾಯ್, ಸಣ್ಣ ಅಳಿಯ ಫೋನ್ ಎತ್ತುದಿಲ್ಲ. ಅವ್ನ್ ಏಜೆಂಟ್ ಹಳೇ ಕಾರನ್ನೂ ಪರೀಕ್ಷೆ ಮಾಡತ್ತಾ, ಒಂಚೂರ್ ಕೇಣಿ ಕಾಂಬ."

"ಕೇಂಡ್ ಹೇಳ್ತೆ ಮಾವ."

ಯಾರನ್ನೂ ಕೇಳಲಿಲ್ಲ. ನಾನೇ ಹೋಗಿ ಕಾರಿನ ಅಡಿಗೆ ಬಗ್ಗಿ ನೋಡಿದೆ. ತುಕ್ಕಿಗೆ ಹೊಸ ಬಣ್ಣ ಬಳಿದಿದ್ದರು. ಮಾರುವವನು ನಾನು ಕೇಳುವ ಮೊದಲೇ ಎರಡು ಸಲ ಬೆಲೆ ಇಳಿಸಿದ. ಸಂಜೆ ಮಾವನಿಗೆ ಫೋನ್ ಮಾಡಿದೆ.

"ಏಜೆಂಟ್ ಬ್ಯಾಡ ಅಂದೇಳಿ ಹೇಳ್ತ್, ಮಾವ."

"ಹಾಂಗಾರೆ ಬ್ಯಾಡ," ಎಂದರು ಮಾವ.

ಇಷ್ಟು ವರ್ಷಗಳಲ್ಲಿ ಅವರು ನನ್ನ ಮಾತನ್ನು ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು.