ಬ್ರೆಜಿಲ್‌ನವನಿಗೆ ಸೋತ ಮಾಸ್ತರರು

ಮೊನ್ನೆ ಕಾರವಾರದ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮುದುಕರೊಬ್ಬರು ನಶ್ಯದ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅವರ್ಸಾದ ಮಾಸ್ತರರು ನೆನಪಾದರು. ಸೀನು ಬಂದವಳಂತೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.

ಅವರು ನನಗೆ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು, ಚೆಸ್ ಕಲಿಸಿದವರೂ ಅವರೇ. ನಿವೃತ್ತರಾದ ಮೇಲೆ, ಎರಡು ಸಾವಿರದ ಐದಾರರ ಸುಮಾರಿಗೆ, ಶನಿವಾರ ಬಂತೆಂದರೆ ಬೆಳಿಗ್ಗೆಯೇ ಬಸ್ಸು ಹತ್ತಿ ಕಾರವಾರದ ಸೈಬರ್ ಕೆಫೆಗೆ ಬಂದು ಆನ್‌ಲೈನ್ ಚೆಸ್ ಆಡುತ್ತಿದ್ದರು. ನಾನು ಶಿರವಾಡದಿಂದ ಹೋಗುತ್ತಿದ್ದೆ. ಕೆಲಸಕ್ಕೆ ಅರ್ಜಿ ಹಾಕುವುದು, ಉತ್ತರ ಬಂತೇ ಎಂದು ನೋಡುವುದು, ಬರದಿದ್ದರೆ ಕಂಡವರ ಮೇಲೆ ಸಿಡುಕುವುದು... ಇಷ್ಟೇ ಆಗ ನನ್ನ ಬದುಕು. ಅವರ ಕಂಪ್ಯೂಟರಿಗೂ ನನ್ನದಕ್ಕೂ ನಡುವೆ ಒಂದು ಪ್ಲೈವುಡ್ ಹಲಗೆ, ಅವರ ನಶ್ಯದ ಘಾಟು ಅದನ್ನೂ ದಾಟಿ ಬರುತ್ತಿತ್ತು.

ಬಿಳಿ ಕಾಯಿ ಸಿಕ್ಕಿತೆಂದರೆ ಮಾಸ್ತರರದು ಒಂದೇ ಆಟ. ನಾಲ್ಕನೆಯ ನಡೆಗೇ ಕುದುರೆಯನ್ನು ಒಂದು ಪ್ಯಾದೆಗೆ ಬಲಿಕೊಟ್ಟು, ಆಮೇಲೆ ತನ್ನ ಪ್ಯಾದೆಗಳನ್ನು ಎದುರಿನವನ ಮೇಲೆ ನುಗ್ಗಿಸುವುದು. ಶುದ್ಧ ತಪ್ಪಾಟ, ಮೋಜಿಗೆ ಆಡುವಲ್ಲಿ ಮಾತ್ರ ನಡೆಯುವಂಥದ್ದು. ಆದರೂ ಜನ ಗಾಬರಿಬಿದ್ದು ಸೋಲುತ್ತಿದ್ದರು. ಆಗ ಸೋತವನ ಹೆಸರಿನ ಪಕ್ಕದ ಬಾವುಟ ನೋಡಿ ಹಲಗೆಯಾಚೆಯಿಂದ ಕೂಗು: "ತಂಗೀ, ಪೋಲೆಂಡ್ ಬಿತ್ತು ನೋಡೇ!"

"ಅದು ತಪ್ಪಾಟ ಮಾಸ್ತರೇ."

"ಹೆದರದವ ಸಿಗೂ ತನಕ ಸರಿನೇ ಮಾರಾಯ್ತಿ. ನಿನ್ನಂಗೆ ಹೆದರಿ ಹೆದರಿ ಆಡಿ ಎಂತ ಸಿಗ್ತದೆ?"

ಆ ಮಾತು ಬಂದದ್ದು ನನ್ನ ಅರ್ಜಿಯೊಂದು ತಿರಸ್ಕೃತವಾದ ದಿನ. ಮೈಯೆಲ್ಲ ಉರಿಯಿತು. ಆ ಆಟಕ್ಕೆ ಮದ್ದೇನೆಂದು ಹುಡುಕಿದೆ, ಸಿಕ್ಕಿತು: ತಿಂದ ಕುದುರೆಗೆ ಆಸೆಪಡದೆ, ಸಮಯ ನೋಡಿ ತನ್ನದೊಂದು ಕುದುರೆಯನ್ನು ತಿರುಗಿ ಕೊಟ್ಟುಬಿಡಬೇಕು. ಮುಂದಿನ ಶನಿವಾರ ಸುಳ್ಳು ಹೆಸರು ಮಾಡಿಕೊಂಡು, ಬ್ರೆಜಿಲ್ ಬಾವುಟ ಹಾಕಿ, ಬಿಳಿ ಕಾಯಿ ಅವರಿಗೇ ಬಿಟ್ಟು, ಅವರನ್ನೇ ಆಟಕ್ಕೆ ಕರೆದೆ.

ಐದು ಸಲ ಸೋಲಿಸಿದೆ. ಮೊದಲ ಸಲ ಆಚೆಯಿಂದ "ಅರೇ!" ಎಂದು ಕೇಳಿಸಿತು. ಆಮೇಲೆ ಮೌಸಿನ ಸದ್ದೇ ನಿಧಾನವಾಗುತ್ತ ಹೋಯಿತು... ನಾನು ವೇಲನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದೆ. ಥೂ, ನನ್ನ ಜನ್ಮಕ್ಕೆ!

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಹೇಳಿದರು, "ಬ್ರೆಜಿಲ್‌ನವ ಒಬ್ಬ ಸಿಕ್ಕಿದ್ದ ತಂಗೀ. ಹೆದರೂದೇ ಇಲ್ಲ ಅವ."

"ಯಾರೋ ದೊಡ್ಡ ಆಟಗಾರ ಇರ್ಬೇಕು ಮಾಸ್ತರೇ" ಎಂದೆ, ಮುಖದ ಮೇಲೆ ಒಂದು ಗೆರೆಯೂ ಅಲುಗದ ಹಾಗೆ.

ಮರುವಾರ ಅವರು ಬರಲಿಲ್ಲ. ಅದರ ಮರುವಾರವೂ ಇಲ್ಲ. ಕಡೆಗೆ ನಾನೇ ನಿಜ ಹೇಳಿಬಿಡೋಣವೆಂದು ಅವರ್ಸಾಕ್ಕೆ ಹೋದೆ. ಜಗುಲಿಯ ಮೇಲೆ ಚೆಸ್ ಹಲಗೆ ಇಟ್ಟುಕೊಂಡು ಕೂತಿದ್ದರು, ಗಡ್ಡ ಬೆಳೆದಿತ್ತು. ಕಾಯಿಗಳು ಅದೇ ಜಾಗದಲ್ಲಿ, ನಾನು ಕುದುರೆ ತಿರುಗಿ ಕೊಟ್ಟ ಜಾಗದಲ್ಲಿ.

"ಬಂದ್ಯಾ? ಅವಗೆ ಉತ್ತರ ಹುಡುಕ್ತಾ ಇದ್ದೆ. ಸಿಕ್ಕಿದ ಮೇಲೇ ಸೈಬರಿಗೆ ಬರೂದು."

ಅವರ ತಮ್ಮನ ಹೆಂಡತಿ ಶರಬತ್ತು ತಂದಿಟ್ಟು, "ಊಟಕ್ಕೆ ಕರೆದ್ರೂ ಏಳೂದಿಲ್ಲ, ನೀನಾದ್ರೂ ಹೇಳೇ" ಎಂದರು. ಹೇಳಲೆಂದೇ ಹೋಗಿದ್ದೆ... ನಾಚಿಕೆ ಬಿಡಲಿಲ್ಲ. ಶರಬತ್ತು ಕುಡಿದು, ಇನ್ನೊಮ್ಮೆ ಬಂದಾಗ ಹೇಳಿದರಾಯಿತು ಎಂದುಕೊಂಡು ಎದ್ದು ಬಂದೆ. ಇನ್ನೊಮ್ಮೆ ಹೋದದ್ದು ಅವರ ಹನ್ನೆರಡನೆಯ ದಿನಕ್ಕೆ.

ಈಗ ನನ್ನ ಫೋನಿನಲ್ಲೇ ಚೆಸ್ ಇದೆ, ಯಾವ ನಡೆ ಸರಿಯೆಂದು ಕ್ಷಣದಲ್ಲಿ ಹೇಳುತ್ತದೆ. ಅವರು ಮುಂದಿಟ್ಟುಕೊಂಡು ಕೂತಿದ್ದ ಕಾಯಿಗಳನ್ನು ಅದೇ ಜಾಗಗಳಲ್ಲಿ ಎಷ್ಟೋ ಸಲ ಹಾಕಿ ನೋಡಿದ್ದೇನೆ. ಬಿಳಿ ಕಾಯಿಯವರಿಗೆ ಉತ್ತರವಿಲ್ಲ. ಇಲ್ಲದ್ದನ್ನು ಹುಡುಕುತ್ತ ಅವರು ಕಡೆಯ ದಿನಗಳನ್ನೆಲ್ಲ ಕಳೆದರು. ನಾನು ಬಾಯಿಬಿಟ್ಟಿದ್ದರೆ ಒಂದು ಗಳಿಗೆ ಬೈಯುತ್ತಿದ್ದರು, ಅಷ್ಟೇ. ಆಮೇಲೆ, "ನಾನು ಕಲಿಸಿದ ಹುಡುಗಿ ನನ್ನನ್ನೇ ಸೋಲಿಸಿದಳು" ಎಂದು ಅವರ್ಸಾಕ್ಕೆಲ್ಲ ಸಾರಿಕೊಂಡು, ಶನಿವಾರದ ಬಸ್ಸು ಹತ್ತುತ್ತಿದ್ದರು.