ಕಾಲ್ಬೆರಳಿನ ತಾಳ

ಕನ್ನಮ್ಮನವರನ್ನು ನಾನು ಮೊದಲು ಕಂಡದ್ದು ೧೯೭೪ರ ಡಿಸೆಂಬರಿನಲ್ಲಿ, ಹೊಸನಗರದ ನಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆಯ ಸಭಾಂಗಣದ ಬಾಗಿಲಲ್ಲಿ. ವಾರ್ಷಿಕೋತ್ಸವದ ನಾಟಕಕ್ಕೆಂದು ರಾಣಿಯ ರವಿಕೆ ಹೊಲಿದು ತಂದಿದ್ದರು. ನಾನು ಆ ಶಾಲೆಯ ಕನ್ನಡ ಮೇಷ್ಟ್ರು. ನಾಟಕ ಬರೆದವನೂ ನಾನೇ, ಕಲಿಸುವವನೂ ನಾನೇ. ವೇದಿಕೆಯ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಮಗನನ್ನು ಕಳೆದುಕೊಂಡ ರಾಣಿಯ ಹಾಡನ್ನು ಹಾಡುತ್ತಿದ್ದಳು. ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು, ಏಕೆಂದರೆ ನಾನು ಅವಳಿಂದ ಎರಡು ಮಾರು ದೂರದಲ್ಲಿ ಕುಳಿತಿದ್ದೆ.

“ರವಿಕೆ ತಂದೀನಿ ಮೇಷ್ಟ್ರೇ,” ಎಂದರು ಬಾಗಿಲಿನಿಂದಲೇ. “ಈ ರಾಣಿ ಯಾರ ಹತ್ರ ಅಳ್ತಾ ಇದಾಳೆ? ನಿಮ್ಮೊಬ್ಬರ ಹತ್ರನಾ?”

“ಎಲ್ಲರ ಹತ್ತಿರವೂ ಅಳುತ್ತಿದ್ದಾಳಮ್ಮ.”

“ಹಂಗಾದ್ರೆ ಇಲ್ಲಿ ಬಂದು ನಿಂತು ನೋಡಿ. ಮಗ ಸತ್ತದ್ದು ಇಲ್ಲಿ ಕೂತವರಿಗೆ ಗೊತ್ತೇ ಆಗಲ್ಲ.”

ಎದ್ದು ಹೋಗಿ ನಿಂತೆ. ಗೊತ್ತಾಗಲಿಲ್ಲ. ಅವರು ಗಂಟನ್ನು ಬೆಂಚಿನ ಮೇಲಿಟ್ಟು ವೇದಿಕೆ ಹತ್ತಿದರು. ಹುಡುಗಿಯಿಂದ ಎರಡು ಸಾಲು ಹೇಳಿಸಿಕೊಂಡು, ಅವುಗಳನ್ನೇ ಹಾಡಿದರು. ಮೈಕು ಇರಲಿಲ್ಲ. ಬಾಗಿಲಲ್ಲಿ ನಿಂತ ನನಗೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂದು ಮುಟ್ಟಿತು. ಅವರ ಎರಡೂ ಕೈಗಳು ಇಲ್ಲದ ಮಗುವನ್ನು ಎತ್ತಿಕೊಂಡಿದ್ದವು. ಆಗ ನನ್ನ ಕಣ್ಣು ಸೀರೆಯ ಅಂಚಿನ ಕೆಳಗೆ ಹೋಯಿತು. ಬಲಗಾಲಿನ ಹೆಬ್ಬೆರಳು ಮೆಲ್ಲನೆ ಏಳುತ್ತಿತ್ತು, ಬೀಳುತ್ತಿತ್ತು. ತಾಳ ಅಲ್ಲಿತ್ತು.

ಕೆಳಗಿಳಿದ ಮೇಲೆ ಆ ಬೆರಳಿನ ಬಗ್ಗೆ ಕೇಳಿದೆ. ಅವರು ನಕ್ಕರು.

“ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಎಲ್ಲಿ ಕೂರ್ತಾರೆ? ಸ್ಟೇಜಿನ ಕೆಳಗೆ, ಮುಂದುಗಡೆ. ಅವರ ಕಣ್ಣಿಗೆ ಸಮ ಇರೋದು ನಮ್ಮ ಕಾಲು. ಕೈ ಪಾತ್ರಕ್ಕೆ, ಕಾಲ್ಬೆರಳು ಅವರಿಗೆ. ಕೈಯಲ್ಲಿ ತಾಳ ಹಾಕಿದ್ರೆ ಮಗೂನ ಯಾರು ಎತ್ಕೊಳ್ಳೋದು?”

ಅವರ ತಂದೆ ಬೆಳ್ಳಪ್ಪ ಸಾಗರದಲ್ಲಿ ಮರಗೆಲಸ ಮಾಡುತ್ತಿದ್ದವರು. ಒಂದು ನಾಟಕ ಕಂಪನಿ ಅಲ್ಲಿಗೆ ಬಂದು ಬೀಡುಬಿಟ್ಟಾಗ ವೇದಿಕೆ ಕಟ್ಟಲು ಹೋದರು; ಜೊತೆಗೆ ಹೋದ ಹನ್ನೊಂದು ವರ್ಷದ ಮಗಳು ಕಂಪನಿಯಲ್ಲಿಯೇ ಉಳಿದುಬಿಟ್ಟಳು. ಇಪ್ಪತ್ತೆರಡು ವರ್ಷ ಊರೂರು ತಿರುಗಿ ಹಾಡಿದರು. ಕಂಪನಿ ಮುಚ್ಚಿದಾಗ, ಪಾತ್ರದ ಬಟ್ಟೆ ಹೊಲಿಯುತ್ತಿದ್ದ ಕಾಲುಮೆಷಿನ್ನನ್ನು ಸಂಬಳದ ಬದಲು ತೆಗೆದುಕೊಂಡು ಹೊಸನಗರಕ್ಕೆ ಬಂದರು. ಮದುವೆಯಾಗಿರಲಿಲ್ಲ. ನಾನು ಕಂಡಾಗ ನಲವತ್ತು ವರ್ಷ. ಬಟ್ಟೆಯಂಗಡಿಯೊಂದರ ಜಗಲಿಯಲ್ಲಿ ಕುಳಿತು ರವಿಕೆ ಹೊಲಿಯುತ್ತಿದ್ದರು.

ಅಂದಿನಿಂದ ಎರಡು ವರ್ಷ ನಮ್ಮ ಶಾಲೆಯ ಹಾಡುಗಳನ್ನೆಲ್ಲ ಅವರೇ ಕಲಿಸಿದರು. ಯಾರೂ ನೇಮಿಸಿರಲಿಲ್ಲ. ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಬರುವರು, ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಹಾಡಿಸಿ ಹೋಗುವರು. ೧೯೭೬ರಲ್ಲಿ ಶಾಲೆಗೆ ಸಂಗೀತ ಶಿಕ್ಷಕಿಯ ಹುದ್ದೆಯೊಂದು ಬಂದಿತು. ಅದು ಅವರಿಗೇ ಎಂದು ನಾವೆಲ್ಲ ತಿಳಿದೆವು. ಆದರೆ ಸಂಗೀತದ ಜೂನಿಯರ್ ಪರೀಕ್ಷೆಯಾದರೂ ಆಗಿರಬೇಕೆಂದು ನಿಯಮವಿತ್ತು.

ಶಾಲೆಯ ಕಾರ್ಯದರ್ಶಿ ಮುಕುಂದಯ್ಯನವರು ನನ್ನನ್ನು ಕರೆಸಿದರು. “ನಂಗೆ ಬೇಡ ಅಂತ ಇಲ್ಲೆ ಮೇಷ್ಟ್ರೇ. ಕಾಗದ ಒಂದು ಬೇಕಲ್ಲ, ಎಂತ ಮಾಡೋದು? ಬರುವ ಏಪ್ರಿಲಿನ ಪರೀಕ್ಷೆ ಕಟ್ಟಿಸಿ. ಜೂನ್ ತನಕ ಹುದ್ದೆ ಹಾಗೆ ಇಟ್ಟಿರ್ತೆ.”

ಅರ್ಜಿಯನ್ನು ನಾನೇ ತರಿಸಿದೆ. ಅದರ ಜೊತೆ ಬಂದ ಪಠ್ಯಪಟ್ಟಿಯನ್ನು ಓದಿ ಹೇಳಿದೆ: ಸರಳೆ, ಜಂಟಿವರಸೆ, ಅಲಂಕಾರ, ಗೀತೆ, ಕೊನೆಗೊಂದು ಕೃತಿ. ಕನ್ನಮ್ಮ ಕೊನೆಯವರೆಗೂ ಕೇಳಿದರು.

“ನಾಟಕದ ಹಾಡು ಯಾವ ಪುಟದಲ್ಲಿ ಐತೆ?”

“ಇಲ್ಲ.”

“ಒಂದೂ?”

“ಒಂದೂ ಇಲ್ಲ.”

“ನಾಡೆಲ್ಲ ಕೇಳಿದ ಹಾಡು ಪಟ್ಟೀಲಿ ಇಲ್ಲ,” ಎಂದು ಮೆಷಿನ್ನಿನ ಗಾಲಿ ತಿರುಗಿಸಿದರು. ಒಂದು ತೋಳು ಹೊಲಿದಾದ ಮೇಲೆ, “ಆಯ್ತು, ಕಲೀತೀನಿ. ಹೊಟ್ಟೆಪಾಡು,” ಎಂದರು.

ನನ್ನ ಹೆಂಡತಿ ಶಾಂತಮ್ಮನಿಗೆ ತವರಿನಲ್ಲಿ ಸಂಗೀತ ಪಾಠವಾಗಿತ್ತು. ಪ್ರತಿ ಸಂಜೆ ಕನ್ನಮ್ಮ ಅವಳ ಎದುರು ಚಾಪೆಯ ಮೇಲೆ ಕುಳಿತು, ಬಲಗೈಯನ್ನು ತೊಡೆಯ ಮೇಲೆ ತಟ್ಟುತ್ತಾ, ಎಂಟು ತಿಂಗಳು ಕಲಿತರು. ಸ್ವರ ಒಂದು ವಾರದಲ್ಲಿ ಬಂದಿತು. ಕುಳಿತು ಹಾಡುವುದು ಬರಲು ಎರಡು ತಿಂಗಳು ಬೇಕಾಯಿತು. ಉಸಿರು ಎಲ್ಲಿಂದ ತೆಗೆಯುವುದೆಂದೇ ತಿಳಿಯದು ಎನ್ನುತ್ತಿದ್ದರು. ಎಲ್ಲಕ್ಕಿಂತ ಕಷ್ಟವಾದುದು ಕೈ. ಅಲಂಕಾರ ಹಾಡುವಾಗ ಗಡಿಯಾರದಂತೆ ಬೀಳುತ್ತಿದ್ದ ಕೈ, ಅರ್ಥವಿರುವ ಸಾಹಿತ್ಯ ಬಂದೊಡನೆ ತೊಡೆ ಬಿಟ್ಟು ಏಳುತ್ತಿತ್ತು.

“ಕೈ, ಕನ್ನಮ್ಮ,” ಎನ್ನುವಳು ಶಾಂತಮ್ಮ.

“ಅಯ್ಯೋ, ಮತ್ತೆ ಓಡಿ ಹೋಯ್ತಾ ಅಕ್ಕಾ? ದನ ಕಟ್ಟಿದ ಹಾಗೆ ಕಟ್ಬೇಕು ಇದನ್ನ.”

ಮಾರ್ಚ್ ಹೊತ್ತಿಗೆ ಕೈ ಕಟ್ಟು ಕಲಿತಿತ್ತು.

೧೯೭೭ರ ಏಪ್ರಿಲಿನಲ್ಲಿ, ಸಾಗರದ ಒಂದು ಶಾಲೆಯಲ್ಲಿ ಪರೀಕ್ಷೆ. ನಮ್ಮ ಶಾಲೆಯ ಐವರು ಹುಡುಗಿಯರೂ ಕಟ್ಟಿದ್ದರಿಂದ ಅವರನ್ನು ಕರೆದೊಯ್ಯುವ ಕೆಲಸ ನನ್ನದಾಯಿತು. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯರು, ಬಿಗಿಯಾದವರು. ಅಂಕ ಬರೆಯಲು ಅಕ್ಷರ ಚೆನ್ನಾಗಿರುವವರು ಬೇಕೆಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಹೆಮ್ಮೆಯಿಂದಲೇ ಕುಳಿತೆ.

ಹನ್ನೆರಡು ವರ್ಷದ ಲಂಗದ ಹುಡುಗಿಯರ ನಡುವೆ ನಲವತ್ತಮೂರರ ಕನ್ನಮ್ಮ ಬಂದು ಕುಳಿತಾಗ ಯಾರೋ ಕಿಸಕ್ಕೆಂದರು. ಸರಳೆ ಆಯಿತು, ಅಲಂಕಾರ ಆಯಿತು. ಪರೀಕ್ಷಕರು ತಲೆದೂಗಿದರು. ಗೀತೆಯಲ್ಲಿ ಕೂಡ ಕೈ ಕದಲಲಿಲ್ಲ. ಕೊನೆಗೆ ಕೃತಿ. ತಾಯಿ ದೇವಿಯನ್ನು ಕರೆದು, ನನ್ನನ್ನು ಏಕೆ ಕೈಬಿಟ್ಟೆ ಎಂದು ಕೇಳುವ ಹಾಡು. ಎರಡನೆಯ ಸಾಲಿಗೆ ಬಲಗೈ ತೊಡೆಯಿಂದ ಎದ್ದಿತು. ದೇವಿಯ ಸೆರಗನ್ನು ಹಿಡಿಯಿತು. ಹಾಡು ಮಾತ್ರ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ.

“ನಿಲ್ಲಿಸಿ,” ಎಂದರು ಪರೀಕ್ಷಕರು. “ತಾಳ ಎಲ್ಲಿ ಹೋಯಿತು?”

“ಇಲ್ಲೇ ಐತೆ ಸ್ವಾಮಿ,” ಎಂದು ಕನ್ನಮ್ಮ, ಹಾರ್ಮೋನಿಯಂ ಮೇಷ್ಟ್ರಿಗೆ ತೋರಿಸುವಷ್ಟೇ ಸಹಜವಾಗಿ, ಮಡಿಚಿದ ಬಲಗಾಲನ್ನು ಮುಂದೆ ಚಾಚಿ, ಸೀರೆಯ ಅಂಚನ್ನು ಒಂದಂಗುಲ ಸರಿಸಿದರು. ಹೆಬ್ಬೆರಳು ಇನ್ನೂ ತಾಳ ಹಾಕುತ್ತಿತ್ತು. ಪಲ್ಲವಿ ನಿಂತ ಜಾಗದಿಂದ ಎಣಿಕೆ ಬಿಡದೆ ಮುಂದೆ ಹೋಗುತ್ತಿತ್ತು.

ಪರೀಕ್ಷಕರ ಮುಖ ಕೆಂಪಾಯಿತು. “ಪರೀಕ್ಷಕರ ಎದುರು ಕಾಲು ಚಾಚುತ್ತೀರಾ? ಇದು ಸರಸ್ವತಿಯ ಸನ್ನಿಧಿ, ನಿಮ್ಮ ನಾಟಕದ ಟೆಂಟಲ್ಲ.” ನನ್ನ ಕಡೆ ತಿರುಗಿದರು. “ಬರೆಯಿರಿ ಮೇಷ್ಟ್ರೇ. ತಾಳಕ್ಕೆ ಸೊನ್ನೆ.”

ತಾಳದಲ್ಲಿ ಸೊನ್ನೆಯಾದರೆ ಒಟ್ಟು ಪರೀಕ್ಷೆಯೇ ಹೋದಂತೆ. ಅದು ನನಗೆ ಗೊತ್ತಿತ್ತು. ಆ ಬೆರಳು ಏನೆಂಬುದು ಆ ಕೋಣೆಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. “ಸ್ವಾಮಿ, ಒಂದು ಮಾತು” ಎಂದಿದ್ದರೆ ಸಾಕಿತ್ತು. ಅವರು ಕೇಳುತ್ತಿದ್ದರೋ ಇಲ್ಲವೋ, ಅದು ಬೇರೆ. ನಾನು ಬರೆದೆ.

ಹೊಸನಗರದ ಬಸ್ಸು ಬಟ್ಟೆಮಲ್ಲಪ್ಪ ಎಂಬ ಊರನ್ನು ದಾಟಿತು. ಆಮೇಲೆ ಕನ್ನಮ್ಮ, ಕಿಟಕಿಯ ಕಡೆ ನೋಡುತ್ತಲೇ ಕೇಳಿದರು:

“ನಿಮಗೆ ಗೊತ್ತಿತ್ತಲ್ಲ ಮೇಷ್ಟ್ರೇ. ಬಾಯಿ ಯಾಕೆ ಬಿಡಲಿಲ್ಲ?”

“ಅವರು ಹಿರಿಯರು...”

“ನಾನು ಕಿರಿಯಳಾ? ಮೂವತ್ತು ವರ್ಷ ಹಾಡೀನಿ.”



ಜೂನಿನಲ್ಲಿ ಶಿವಮೊಗ್ಗದಿಂದ ಸೀನಿಯರ್ ಪರೀಕ್ಷೆ ಆದ ಹುಡುಗಿಯೊಬ್ಬಳು ಹುದ್ದೆಗೆ ಬಂದಳು. ಪಾಪ, ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ತಾಳ ಸರಿಯಾಗಿತ್ತು. ಹಾಡು ಮಾತ್ರ ಅವಳ ಚಾಪೆಯಿಂದಾಚೆ ಹೋಗುತ್ತಿರಲಿಲ್ಲ. ನನ್ನ ಸಿಟ್ಟು ಮುಕುಂದಯ್ಯನವರ ಮೇಲೆ. ಡಿಸೆಂಬರ್ ಬಂದೊಡನೆ ಅವರು, ಆದದ್ದೇನೂ ಆಗಲೇ ಇಲ್ಲವೆಂಬಂತೆ, ನಾಟಕದ ಹಾಡು ಕಲಿಸಲು ಬನ್ನಿ ಎಂದು ಕನ್ನಮ್ಮನವರಿಗೆ ಹೇಳಿಕಳುಹಿಸಿದರು. ಕನ್ನಮ್ಮ ಬಂದರು. ಸಭಾಂಗಣದಲ್ಲಿ ಹುಡುಗಿಯರೆಲ್ಲ ನೋಡುತ್ತಿರಲು ಮುಕುಂದಯ್ಯ ಹೇಳಿದರು, “ಪರೀಕ್ಷೆ ವಿಷಯ ಬಿಡಿ, ಆಗಿದ್ದು ಆಯ್ತು. ಕೊನೆಗೆ ಒಂದು ಒಳ್ಳೆ ಸೀರೆ ಕೊಟ್ಟು ಸನ್ಮಾನ ಮಾಡ್ತೇವೆ ನಾವು.”

“ಸೀರೆ ಬೇಡ ಅಯ್ಯ. ನಿಮ್ಮ ಹತ್ರ ಕಾಗದ ಐತಲ್ಲ, ಅದನ್ನ ಸ್ಟೇಜ್ ಮೇಲೆ ನಿಲ್ಲಿಸಿ. ಅದೇ ಹಾಡ್ಲಿ. ಕೊನೇ ಬೆಂಚಿನವರಿಗೆ ಕೇಳ್ತದಾ ನೋಡಿ.”

“ಇಷ್ಟು ಸಿಟ್ಟು ಎಂತಕ್ಕೆ?”

“ಇದು ಇಷ್ಟಲ್ಲ. ಇನ್ನೂ ಐತೆ, ತೀರ್ಥಹಳ್ಳಿಗೆ ತಗೊಂಡು ಹೋಗ್ತೀನಿ.”

ಅದೇ ವಾರ ಮೆಷಿನ್ನನ್ನು ಬಸ್ಸಿನ ಮೇಲೆ ಏರಿಸಿಕೊಂಡು ಹೋದರು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

೧೯೮೪ರಲ್ಲಿ ನಿವೃತ್ತನಾಗಿ ನನ್ನ ಹುಟ್ಟೂರಾದ ತೀರ್ಥಹಳ್ಳಿಗೆ ಬಂದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಹೊಲಿಗೆಯ ಅಂಗಡಿಯಿದೆಯೆಂದು ತಿಳಿದೂ ಒಂದು ತಿಂಗಳು ಆ ದಾರಿ ಬಿಟ್ಟು ಓಡಾಡಿದೆ. ಕೊನೆಗೆ ಶಾಂತಮ್ಮನೇ ಬೈದು ಕಳುಹಿಸಿದಳು. ಕನ್ನಮ್ಮ ಕನ್ನಡಕದ ಮೇಲಿನಿಂದ ನೋಡಿದರು.

“ಮೇಷ್ಟ್ರು ರವಿಕೆ ಹೊಲಿಸ್ಬೇಕಾ?”

“ಇಲ್ಲ. ಆ ದಿನ ನಾನು ಮಾತನಾಡಬೇಕಾಗಿತ್ತು. ಅದನ್ನು ಹೇಳಿ ಹೋಗೋಣವೆಂದು ಬಂದೆ.”

“ಏಳು ವರ್ಷ ಬೇಕಾಯ್ತಾ ಹೇಳೋಕೆ?” ಮೆಷಿನ್ ನಿಂತಿತು. “ಸೊನ್ನೆ ಮಾತ್ರ ಚೆನ್ನಾಗಿ ಬರೆದ್ರಿ. ಎದುರಿಗೇ ಕೂತಿದ್ನಲ್ಲ, ನೋಡ್ದೆ. ದುಂಡಗೆ, ಒಂದು ಸಲವೂ ಪೆನ್ನು ಎತ್ತದೆ.”

ಅವರು ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

“ಕೂತ್ಕೊಳ್ಳಿ. ಆ ಅಕ್ಷರದಲ್ಲೇ ನನಗೊಂದು ಬರೆದುಕೊಡಿ. ನಂದೂ ಒಂದು ಪರೀಕ್ಷೆ ಐತೆ.”

ಭಾನುವಾರ ಹತ್ತು ಹನ್ನೆರಡು ಹುಡುಗಿಯರು ಅವರಲ್ಲಿ ನಾಟಕದ ಹಾಡು ಕಲಿಯುತ್ತಿದ್ದರು. ಆ ಹುಡುಗಿಯರಿಗಾಗಿ ಪಠ್ಯಪಟ್ಟಿಯನ್ನು ಕನ್ನಮ್ಮ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಪರೀಕ್ಷೆ ಮೂರು. ಮೊದಲನೆಯದು ಕುರ್ಚಿ, ಎರಡನೆಯದು ಬೆಂಚು, ಮೂರನೆಯದು ನೆಲ. ಅವರ ಕಂಪನಿಯಲ್ಲಿ ಕುರ್ಚಿಯವರು ವೇದಿಕೆಯ ಮುಂದೆ, ಬೆಂಚಿನವರು ನಡುವೆ, ನೆಲದ ಟಿಕೆಟಿನವರು ಎಲ್ಲರಿಗಿಂತ ಹಿಂದೆ ಕೂರುತ್ತಿದ್ದರು. ಕುರ್ಚಿಯ ಪರೀಕ್ಷೆಗೆ ನಾಂದಿ ಪದ್ಯ, ಗೆಳತಿಯರು ಹೂ ಕೊಯ್ಯುವ ಹಾಡು. ಬೆಂಚಿಗೆ ಗಂಡಹೆಂಡಿರ ಜಗಳದ ಹಾಡು ಮತ್ತು ಮಾತಿನಿಂದ ಹಾಡಿಗೆ ಜಾರುವ ಒಂದು ಕಂದಪದ್ಯ. ನೆಲಕ್ಕೆ ಎರಡೇ: ಮಗ ಸತ್ತ ಹಾಡು, ತುಂಬಿದ ಸಭೆಯಲ್ಲಿ ನ್ಯಾಯ ಕೇಳುವ ಹಾಡು.

“ಕಮ್ಮಿ ಟಿಕೆಟ್ಟಿಗೆ ದೊಡ್ಡ ಪರೀಕ್ಷೆಯೇ?” ಎಂದೆ.

“ಅವರು ದೂರ ಕೂತವರಲ್ವಾ. ಅವರಿಗೆ ಮುಟ್ಸೋದೇ ವಿದ್ಯೆ. ಬರ್ಕೊಳ್ಳಿ, ಹಾಡುವಾಗ ಕೈಯಲ್ಲಿ ತಾಳ ಹಾಕಿದವಳು ಫೇಲು.”

ಬರೆದೆ. ಆ ವಾಕ್ಯ ಬರೆಯುವಾಗ ನನ್ನ ಅಕ್ಷರ ಅಷ್ಟು ದುಂಡಗಾಗಲಿಲ್ಲ.

ಈಗ ಐದು ವರ್ಷವಾಯಿತು. ಕನ್ನಮ್ಮನವರಿಗೆ ಐವತ್ತೈದು. ಸಿಟ್ಟು ಕಡಿಮೆಯಾಗಿಲ್ಲ, ಕಡಿಮೆಯಾಗಲಿ ಎಂದು ನಾನೂ ಬಯಸುವುದಿಲ್ಲ. ಸರ್ಕಾರದ ಪಟ್ಟಿಯಲ್ಲಿ ನಾಟಕದ ಹಾಡು ಈಗಲೂ ಇಲ್ಲ. ತೇರ್ಗಡೆಯಾದವರಿಗೆ ಒಂದು ಕಾಗದವನ್ನಾದರೂ ಕೊಡಿ ಎಂದು ತಾಯಂದಿರು ಕೇಳಿದರೆ, “ಕಾಗದ ಬೇಕಾದವರು ಸಾಗರಕ್ಕೆ ಹೋಗ್ಲಿ” ಎನ್ನುತ್ತಾರೆ. ಹಾಗೆ ಹೋಗಿ ಜೂನಿಯರ್ ಕಟ್ಟುವ ಹುಡುಗಿಯರನ್ನೂ ತಡೆಯುವುದಿಲ್ಲ. ತಾವೇ ಕೂರಿಸಿ ತೊಡೆಯ ಮೇಲಿನ ತಾಳ ಹೇಳಿಕೊಡುತ್ತಾರೆ. “ಕೈ ಎದ್ರೆ ಲಂಗಕ್ಕೆ ಸೇರಿಸಿ ಹೊಲಿದುಬಿಡ್ತೀನಿ ನೋಡು,” ಎಂದು ಹೆದರಿಸುತ್ತಾರೆ. ಇಬ್ಬರು ತೇರ್ಗಡೆಯಾದರು. ಆ ದಿನ ಅವರು ಸಂಜೆಯಾಗುವ ಮೊದಲೇ ಅಂಗಡಿ ಮುಚ್ಚಿದರು.

ಅವರ ಪರೀಕ್ಷೆ ನಡೆಯುವುದು ಒಂದು ಹಳೆಯ ಅಡಕೆ ಗೋದಾಮಿನಲ್ಲಿ, ವರ್ಷಕ್ಕೊಮ್ಮೆ. ಪರೀಕ್ಷಕನು ನಾನು. ಎರಡು ವರ್ಷದಿಂದ ನನ್ನ ಕಿವಿ ಮಂದವಾಗಿದೆ. ಬೇರೆಯವರನ್ನು ನೋಡಿಕೊಳ್ಳಿ ಎಂದೆ. “ಅದಕ್ಕೇ ನೀವು ಬೇಕಾಗಿರೋದು,” ಎಂದರು. “ನಿಮಗೆ ಕೇಳಿದ್ರೆ ಊರಿಗೇ ಕೇಳಿದಂಗೆ.” ಗೋದಾಮಿನ ಕೊನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂರುತ್ತೇನೆ. ಅಲ್ಲಿ ಅಂಕವಿಲ್ಲ, ಕಾಲಂ ಇಲ್ಲ. ಹಾಡು ಮುಗಿದ ಮೇಲೆ, “ಕೇಳಿಸಿತು” ಅಥವಾ “ಕೇಳಿಸಲಿಲ್ಲ” ಎಂದು ನಾನು ಬಾಯಿ ಬಿಟ್ಟು ಕೂಗಿ ಹೇಳಬೇಕು. ಬರೆದು ಕೊಡುವಂತಿಲ್ಲ.

ಮುಂದಿನ ಭಾನುವಾರ ಮೂವರು ನೆಲದ ಪರೀಕ್ಷೆಗೆ ನಿಲ್ಲುತ್ತಾರೆ. ಈ ವಾರ ಅಂಗಡಿಗೆ ಹೋದಾಗಲೆಲ್ಲ ಕನ್ನಮ್ಮ ಮೆಷಿನ್ನಿನ ಮುಂದೆ ಕುಳಿತು ರವಿಕೆಯ ತೋಳು ಹೊಲಿಯುತ್ತಿರುತ್ತಾರೆ. ಓಣಿಯ ಆಚೆ ಬದಿಯಲ್ಲಿ ನಿಂತ ಹುಡುಗಿಯರು, ನಡುವೆ ಓಡಾಡುವ ಜನರ ಮೇಲಿನಿಂದ, ಎರಡೂ ಕೈ ಚಾಚಿ ನ್ಯಾಯ ಕೇಳುತ್ತಿರುತ್ತಾರೆ. ಕನ್ನಮ್ಮ ತಲೆ ಎತ್ತುವುದಿಲ್ಲ. ಬಲಗಾಲು ಮೆಷಿನ್ನಿನ ಪೆಡಲನ್ನು ತುಳಿಯುತ್ತಿರುತ್ತದೆ, ಹುಡುಗಿಯರು ಅದನ್ನೇ ನೋಡಿಕೊಂಡು ಹಾಡುತ್ತಾರೆ.