ಮಸ್ತಾನನ ಮರಗಳ ಕೆಳಗೆ ಹೆಸರಿರಲಿ

ನಂಬಲು ಆಗುತ್ತಿಲ್ಲ...
ಮಸ್ತಾನ್ ಇಲ್ಲವಂತೆ.

ಬೆಳಿಗ್ಗೆ ಅವನ ತಮ್ಮ ಫೋನ್ ಮಾಡಿದ.
"ಅಣ್ಣ ಹೋಗಿಬಿಟ್ಟ್ರಿ..."
ನಾನು "ಎಲ್ಲಿಗೆ?" ಎಂದು ಕೇಳಿದೆ.
ಎದೆನೋವಂತೆ. ಆಸ್ಪತ್ರೆ ಮುಟ್ಟಲಿಲ್ಲ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಮಸ್ತಾನ್ ಬಳ್ಳಾರಿಯ ಸತ್ಯನಾರಾಯಣಪೇಟೆಯ ಡ್ರಾಯಿಂಗ್ ಮೇಷ್ಟ್ರು. ನನ್ನ ಬಾಲ್ಯದ ಗೆಳೆಯ.
ರಜೆ ಬಂದರೆ ಬಸ್ ಹತ್ತಿ ಕುರುಗೋಡು, ಸಿರುಗುಪ್ಪದ ಕಡೆ ಹೋಗಿ, ಮರದೆದುರು ಕೂತು ಅದರ ಚಿತ್ರ ಬರೆಯುವವನು.
ಫೋಟೋ ನೋಡಿ ಒಂದು ಎಲೆಯನ್ನೂ ಬರೆದವನಲ್ಲ.
ತೊಗಟೆ, ಚಿಗುರು, ಕಾಯಿ, ಹುಳು ತಿಂದ ಎಲೆ... ಎಲ್ಲವೂ ಇದ್ದ ಹಾಗೆ.

ಕಳೆದ ಭಾನುವಾರ ಕುರುಗೋಡಿನ ಹೊರಗೆ ಒಂದು ಬೇವಿನ ಮರದ ಮುಂದೆ ಕೂತಿದ್ದೆವು.
ಆಡು ಕಾಯುವ ಮುದುಕಿ ನಗುತ್ತಾ ನಿಂತಳು.
"ಸಾಬ್ರ, ಮುಂಜಾನಿಂದ ಒಂದ ಟೊಂಗಿ ಬರ್ಯಾಕತ್ತೀರಲ್ಲ? ಅಷ್ಟರಾಗ ನನ್ನ ಆಡು ಮರಾನ ಮುಗಸ್ತಾವು!"
"ತಿನ್ಲಿ ಬಿಡವ್ವ. ತಿಂದದ್ದನ್ನೂ ಬರೀತೀನಿ."
ಬರೆದ ಕೂಡ.
ಅಂದೇ ಸಂಜೆ ನಮ್ಮ ಗೆಳೆಯರ ವಾಟ್ಸಾಪ್ ಗ್ರೂಪಿಗೂ ಹಾಕಿದ.

ಅವನ ಮುತ್ತಜ್ಜ ಹುಸೇನ್ ಸಾಬರೂ ಮರ ಬರೆಯುತ್ತಿದ್ದರು.
ಹತ್ತೊಂಬತ್ತನೇ ಶತಮಾನದ ಕೊನೆ... ಮದ್ರಾಸ್ ಪ್ರೆಸಿಡೆನ್ಸಿಯ ಕಾಲ.
ಗಿಡಮರಗಳ ಪುಸ್ತಕ ಮಾಡಿಸುತ್ತಿದ್ದ ಒಬ್ಬ ಇಂಗ್ಲಿಷ್ ದೊರೆಯ ಡೇರೆಯ ಹಿಂದೆ ಸಿರುಗುಪ್ಪದವರೆಗೂ ನಡೆದು, ಬಿಸಿಲಲ್ಲಿ ಕೂತು ಬರೆದುಕೊಟ್ಟರು.
ಅಚ್ಚಾದ ಹಾಳೆಯಲ್ಲಿ ದೊರೆಯ ಹೆಸರು ದೊಡ್ಡದಾಗಿ.
ಇವರದು ಬರೀ "ನೇಟಿವ್ ಆರ್ಟಿಸ್ಟ್".
ಗಿಡಕ್ಕೆ ಲ್ಯಾಟಿನ್ ಹೆಸರು ಉಂಟು... ಬರೆದ ಮನುಷ್ಯನಿಗೆ ಹೆಸರಿಲ್ಲ!
ಇಷ್ಟು ವರ್ಷವಾದರೂ ನನಗೆ ಮೈ ಉರಿಯುತ್ತದೆ.

ನೀನು ಮಾತ್ರ ನಗುತ್ತಿದ್ದೆ, ಮಸ್ತಾನ್...
"ಸಿಟ್ಟಾಗಬ್ಯಾಡಲೇ. ಬರೋ ತಿಂಗಳ ಎಕ್ಸಿಬಿಷನ್‌ದಾಗ ನನ್ನ ಚಿತ್ರದ ಬಾಜೂಕ ಅಜ್ಜನ ಹಾಳಿ ಹಾಕ್ತೀನಿ. ಕೆಳಗ ಹೆಸರ ನಾನ ಬರೀತೀನಿ."
ಹಾಗಂದವನು ನೀನು.

ಈಗ ಎಲ್ಲರ ಸ್ಟೇಟಸ್‌ನಲ್ಲೂ ನಿನ್ನ ಆ ಬೇವು.
ಪರದೆಯ ಚೌಕಟ್ಟಿನೊಳಗೆ ಕೂರಲೆಂದು ಕೆಳಗಿನ ನಿನ್ನ ಸಹಿಯನ್ನು ಕ್ರಾಪ್ ಮಾಡಿದ್ದಾರೆ.
ಪ್ರೀತಿಯಿಂದಲೇ ಮಾಡಿದ್ದಾರೆ, ಗೊತ್ತು...
ಆದರೂ ಮತ್ತೆ ಅದೇ ಅಲ್ಲವೇ?

ಅಳು ಬರುತ್ತಿಲ್ಲ.
ಒಬ್ಬೊಬ್ಬರಿಗೂ ಮೆಸೇಜ್ ಮಾಡುತ್ತಾ ಕೂತಿದ್ದೇನೆ...
ದಯವಿಟ್ಟು ಅದನ್ನು ತೆಗೆಯಿರಿ. ಚಿತ್ರ ಪೂರ್ತಿ ಹಾಕಿ. ಹೆಸರು ಕಾಣಲಿ.

ಎಕ್ಸಿಬಿಷನ್ ನಡೆಯುತ್ತದೆ, ಮಸ್ತಾನ್. ನಿನ್ನ ತಮ್ಮ ಒಪ್ಪಿದ್ದಾನೆ.
ಹುಸೇನ್ ಸಾಬರ ಹೆಸರನ್ನು ನಾನು ಬರೆಯುತ್ತೇನೆ.
ನನ್ನ ಅಕ್ಷರ ಸೊಟ್ಟ...
ಆದರೂ ಬರೆಯುತ್ತೇನೆ.

ಹೋಗಿ ಬಾ ಗೆಳೆಯಾ...
ಅಲ್ಲಾಹ್ ನಿನ್ನ ಜೀವಕ್ಕೆ ತಂಪು ಕೊಡಲಿ.